ಕೇಳುಗರ ತಲೆಗೆ ಕಟ್ಟಿದ ತಪ್ಪು

ಡಿಜಿಟಲ್ ರೇಡಿಯೋ ನಮ್ಮ ದೇಶದ ಮನೆಗಳನ್ನು ಏಕೆ ಹೊಗಲಿಲ್ಲ ಎಂದು ಕೇಳಿದರೆ ಸಿದ್ಧ ಉತ್ತರವೊಂದು ಬರುತ್ತದೆ: ಜನರಿಗೆ ಹೊಸದು ಬೇಡ. ಇದನ್ನು ನಾವು ಒಪ್ಪುವುದಿಲ್ಲ. ಸೊಪ್ಪಿನವಳಿಗೆ ಮೊಬೈಲಿನಲ್ಲೇ ಹಣ ಕೊಡುವ ಹಿರಿಯರು ರೇಡಿಯೋ ವಿಷಯದಲ್ಲಿ ಮಾತ್ರ ಹಟ ಹಿಡಿದಿದ್ದಾರೆಂದರೆ ನಂಬುವುದು ಹೇಗೆ?

ಆಕಾಶವಾಣಿ ಡಿ.ಆರ್.ಎಂ. ಎಂಬ ಪದ್ಧತಿಯನ್ನು ಆರಿಸಿಕೊಂಡು, ಬೆಂಗಳೂರಿನ 612 ಕಿಲೋಹರ್ಟ್ಸ್ ಸೇರಿದಂತೆ ಮಧ್ಯಮ ತರಂಗದ 35 ಟ್ರಾನ್ಸ್‌ಮಿಟರುಗಳನ್ನು ಅದಕ್ಕೆ ಸಜ್ಜುಗೊಳಿಸಿತು. ಪದ್ಧತಿ ಗುಣಹೀನವೇನಲ್ಲ. ಧ್ವನಿ ಸ್ವಚ್ಛ, ಒಂದೇ ತರಂಗದಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮ, ಪೂರ್ಣ ಡಿಜಿಟಲ್ ಆದರೆ ವಿದ್ಯುತ್ತಿನ ಉಳಿತಾಯ. ಆದರೆ ಅದನ್ನು ಹಿಡಿಯುವ ಪೆಟ್ಟಿಗೆ ಎಲ್ಲಿದೆ? ಸಾಮಾನ್ಯ ರೇಡಿಯೋ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಡಿ.ಆರ್.ಎಂ. ಪೆಟ್ಟಿಗೆಗೆ ಸಾವಿರಗಟ್ಟಲೆ ತೆರಬೇಕು, ಅದೂ ಅಂಗಡಿಯವನು ಅದರ ಹೆಸರು ಕೇಳಿದ್ದರೆ! ಕೊಳ್ಳುವವರಿಲ್ಲವೆಂದು ತಯಾರಕರು ಸುಮ್ಮನಿದ್ದಾರೆ, ಪೆಟ್ಟಿಗೆಯಿಲ್ಲವೆಂದು ಜನ ಸುಮ್ಮನಿದ್ದಾರೆ. ಹಲವು ಹೊಸ ಕಾರುಗಳಲ್ಲಿ ಈ ಸೌಲಭ್ಯ ಸೇರಿಕೊಂಡಿರುವುದು ನಿಜ. ಕಾರಿನ ಜೊತೆಗೆ ತಾನಾಗಿ ಬಂದದ್ದನ್ನು ಜನರ ಒಪ್ಪಿಗೆಯೆಂದು ಎಣಿಸುವುದು ಮಾತ್ರ ಲೆಕ್ಕದ ಜಾಣತನ.

ನಾರ್ವೆ 2017ರಲ್ಲಿ ರಾಷ್ಟ್ರಮಟ್ಟದ ಎಫ್.ಎಂ. ಪ್ರಸಾರವನ್ನೇ ನಿಲ್ಲಿಸಿತಲ್ಲ ಎನ್ನುವವರುಂಟು. ಅಲ್ಲಿಯೂ ಜನಮತ ಅದಕ್ಕೆ ವಿರುದ್ಧವಾಗಿತ್ತು. ಜೊತೆಗೆ ಪೆಟ್ಟಿಗೆಗಳು ಅಲ್ಲಿನ ಅಂಗಡಿಗಳಲ್ಲಿದ್ದವು.

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಬೇರೆಯದೇ ಆತಂಕವಿದೆ. ಹಗಲಿನಲ್ಲಿ ಮಧ್ಯಮ ತರಂಗದ ಅಲೆಯನ್ನು ವಾತಾವರಣದ ಮೇಲಿನ ಪದರವೊಂದು ಹೀರಿಬಿಡುತ್ತದೆ. ಕತ್ತಲಾದ ಮೇಲೆ ಆ ಪದರ ಕರಗಿ, ಅಲೆ ಇನ್ನೂ ಎತ್ತರದಿಂದ ಪ್ರತಿಫಲಿಸಿ ನೂರಾರು ಮೈಲಿ ಸಾಗುತ್ತದೆ. ಧಾರವಾಡದ 765 ಪುಣೆಯ ಕೋಣೆಗೆ, ಬೆಂಗಳೂರಿನ 612 ಹೈದರಾಬಾದಿನ ಮಹಡಿಗೆ ಬರುವುದು ಹೀಗೆಯೇ. ಕೇಬಲ್ಲಿನವನ ಕೃಪೆ ಬೇಡ, ತಿಂಗಳ ರೀಚಾರ್ಜು ಬೇಡ. ಧ್ವನಿ ಕುಗ್ಗುತ್ತದೆ, ಕರಕರ ಎನ್ನುತ್ತದೆ, ಪಕ್ಕದ ಕೇಂದ್ರವೊಂದು ನಡುವೆ ತಲೆಹಾಕುತ್ತದೆ. ಆದರೂ ಕಿವಿ ಬಿಟ್ಟ ಪದವನ್ನು ತುಂಬಿಕೊಂಡು ವಾರ್ತೆ ಕೇಳುತ್ತದೆ. ಡಿಜಿಟಲ್ ಪ್ರಸಾರಕ್ಕೆ ಈ ದಾಕ್ಷಿಣ್ಯವಿಲ್ಲ. ಅಲೆಯ ಬಲ ಒಂದು ಮಟ್ಟಕ್ಕಿಂತ ಇಳಿಯಿತೆಂದರೆ ಪೂರ್ಣ ಮೌನ. ದೂರವಿರುವವರಿಗೇ ಆ ಮೌನ ಮೊದಲು ತಟ್ಟುವುದು.

ಆ್ಯಪ್ ಇದೆಯಲ್ಲ ಎಂಬ ಸಮಾಧಾನವೂ ಉಂಟು. ಇದೆ, ನಮ್ಮಲ್ಲಿ ಅನೇಕರು ಅದರಲ್ಲೇ ಕೇಳುತ್ತೇವೆ. ಹಾಗಿದ್ದ ಮೇಲೆ ಸಾವಿರಾರು ರೂಪಾಯಿಯ ಪೆಟ್ಟಿಗೆಯನ್ನು ಯಾರು, ಏಕೆ ಕೊಳ್ಳಬೇಕು? ಆ್ಯಪ್‌ನ ಮಿತಿಯಾದರೂ ಏನೆಂಬುದನ್ನು 2015ರ ಮಹಾಪೂರ ಕಂಡ ಚೆನ್ನೈನ ಗೆಳೆಯರು ಬಲ್ಲರು. ಮೊಬೈಲ್ ಜಾಲ ಕೈಕೊಟ್ಟ ದಿನಗಳಲ್ಲಿ ಆ್ಯಪ್ ಯಾರ ನೆರವಿಗೂ ಬರುವುದಿಲ್ಲ.

ಹಳೆಯ ಮಧ್ಯಮ ತರಂಗ ಟ್ರಾನ್ಸ್‌ಮಿಟರುಗಳು ದೇಶದಲ್ಲಿ ಒಂದೊಂದಾಗಿ ಸದ್ದಡಗುತ್ತಿರುವಾಗ ನಾವು ಕೇಳುವುದಿಷ್ಟೆ: ಸಾಮಾನ್ಯ ರೇಡಿಯೋ ಬೆಲೆಗೆ ಡಿಜಿಟಲ್ ಪೆಟ್ಟಿಗೆ ಅಂಗಡಿಗೆ ಬರಲಿ, ಯಾವ ಹೊತ್ತಿಗೆ ಯಾವ ಪ್ರಸಾರವೆಂಬುದನ್ನು ಕನ್ನಡದಲ್ಲಿ ತಿಳಿಸಲಿ. ಅಲ್ಲಿಯವರೆಗೆ 765ಕ್ಕೂ 612ಕ್ಕೂ ಇರುಳಿನ ಹೊತ್ತು ಕೈಹಚ್ಚಬೇಡಿ.