ಅಡ್ವಾನ್ಸ್ ಹಣ ಯಾರದ್ದು?

ಮಂಗಳೂರಿನ ಬಂದರ್, ಕುದ್ರೋಳಿ ಕಡೆಯ ಹಳೆಯ ಹಂಚಿನ ಮನೆಗಳ ಮಾಳಿಗೆಯಲ್ಲಿ ಮರದ ಹಲಗೆಯ ನೆಲ ಅಲ್ಲಲ್ಲಿ ಇನ್ನೂ ಉಳಿದಿದೆ. ಹೊಸ ಫ್ಲ್ಯಾಟ್‌ಗಳಲ್ಲೂ ಅಂದಕ್ಕೆಂದು ಕೆಲವರು ಮರದ ನೆಲ ಹಾಕಿಸುತ್ತಾರೆ. ನೋಡಲು ಚಂದ, ಕಾಲಿಗೂ ಹಿತ. ಆದರೆ ಬಾಡಿಗೆಗೆ ಇದ್ದವರು ಮನೆ ಬಿಡುವಾಗ ಇದೇ ನೆಲ ತಕರಾರಿಗೆ ಕಾರಣವಾಗುತ್ತದೆ. ಇಲ್ಲಿ ಗೀರು, ಅಲ್ಲಿ ಹಲಗೆ ಉಬ್ಬಿದೆ ಅಂತ ಹೇಳಿ ಅಡ್ವಾನ್ಸ್‌ನಿಂದ ಹಣ ಮುರಿದುಕೊಳ್ಳುತ್ತಾರೆ. ಮಾಲಕರು ಗಲ್ಫ್‌ನಲ್ಲಿದ್ದರೆ ಕೇಳುವುದು ಯಾರಲ್ಲಿ? ಎಷ್ಟೋ ಕಡೆ ಕೊಟ್ಟವರೂ ನಮ್ಮವರೇ, ಪಡೆದವರೂ ನಮ್ಮವರೇ.

ನಮ್ಮ ಊರಿನ ಮಳೆಗಾಲ ಎಲ್ಲರಿಗೂ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ತೇವಕ್ಕೆ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ನಡೆದು ನಡೆದು ಪಾಲಿಶ್ ಹೋಗುತ್ತದೆ. ಇದು ಬಾಡಿಗೆದಾರನ ತಪ್ಪಲ್ಲ. ಆದರೆ ಕಪಾಟನ್ನು ದರದರ ಎಳೆದು ಹಲಗೆ ಸೀಳಿದರೆ, ನೀರು ಚೆಲ್ಲಿ ಒರೆಸದೆ ಬಿಟ್ಟರೆ ಅದು ಅವನದ್ದೇ ಹೊಣೆ.

ಶಾಫಿ ಮದ್‌ಹಬ್‌ನ ಫಿಕ್ಹ್ ಹೇಳುವುದೂ ಇದನ್ನೇ. ಬಾಡಿಗೆ ಮನೆ ಬಾಡಿಗೆದಾರನ ಕೈಯಲ್ಲಿ ಅಮಾನತ್. ಅತಿಕ್ರಮ ಅಥವಾ ಅಸಡ್ಡೆಯಿಂದ ಹಾಳಾದರೆ ಮಾತ್ರ ಅವನು ನಷ್ಟ ತುಂಬಬೇಕು. ದೇಶದ ಕಾನೂನೂ ಇದರ ಹತ್ತಿರವೇ ಇದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮು, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಹಜ ಸವೆತವನ್ನು ಬಾಡಿಗೆದಾರನ ತಲೆಗೆ ಕಟ್ಟುವುದಿಲ್ಲ.

ಇನ್ನು ಅಡ್ವಾನ್ಸ್. ಅದನ್ನು ಹಾಗೇ ಇಟ್ಟಿದ್ದರೆ ಅಮಾನತ್, ಖರ್ಚು ಮಾಡಿದ್ದರೆ ಸಾಲ. ಎರಡರಲ್ಲೂ ಅದು ಬಾಡಿಗೆದಾರನ ಹಕ್ಕ್. ಅಮಾನತನ್ನು ಅದರ ಹಕ್ಕುದಾರರಿಗೆ ಮುಟ್ಟಿಸಬೇಕೆಂದು ಸೂರಃ ಅನ್ನಿಸಾದ 58ನೇ ಆಯತ್ ಆಜ್ಞಾಪಿಸುತ್ತದೆ. ಐದು ಹೊತ್ತು ನಮಾಝ್ ಮಾಡುವವನೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರ.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಬೇಡ ಎನ್ನುತ್ತದೆ. ಆದರೆ ಅದು ಬರೀ ಮಾದರಿ, ರಾಜ್ಯ ಕಾನೂನು ಮಾಡಿದರೆ ಮಾತ್ರ ಅನ್ವಯ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ರೂಢಿಯೇ ಇತ್ತು. ಅಷ್ಟು ಹಣ ಸಿಕ್ಕಿಬಿದ್ದರೆ ಬಡ ಕುಟುಂಬ ಮುಂದಿನ ಮನೆಗೆ ಅಡ್ವಾನ್ಸ್ ಎಲ್ಲಿಂದ ತರಬೇಕು?

ಪರಿಹಾರ ದೊಡ್ಡದೇನಲ್ಲ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಬೇಕೆಂದು ನಾವು 11 ತಿಂಗಳಿಗೆ ಬರೆಸುತ್ತೇವೆ. ಅದರಲ್ಲಿ ಬಾಡಿಗೆ ಎಷ್ಟು, ಯಾವ ತಾರೀಕು ಅಂತ ಇರುತ್ತದೆ, ನೆಲ ಹೇಗಿತ್ತು ಅಂತ ಇರುವುದಿಲ್ಲ. ಕೀ ಪಡೆಯುವ ದಿನವೇ ಪ್ರತಿ ಕೋಣೆಯ ನೆಲದ ಫೋಟೋ ತೆಗೆದು, ಇರುವ ಗೀರು, ಗೆದ್ದಲು ಎಲ್ಲ ಬರೆದು ಇಬ್ಬರೂ ಸಹಿ ಹಾಕಲಿ. ಸಾಲದ ವ್ಯವಹಾರವನ್ನು ಸಾಕ್ಷಿ ಸಮೇತ ಬರೆದಿಡಲು ಸೂರಃ ಅಲ್‌ಬಕರದ 282ನೇ ಆಯತ್ ಕಲಿಸಿದೆ. ನಂಬಿಕೆ ಇಲ್ಲವೆಂದಲ್ಲ, ನಂಬಿಕೆ ಕೆಡದಿರಲಿ ಎಂದು.

ಮದುವೆ, ತಲಾಖ್ ತಕರಾರು ಕೇಳುವ ಜಮಾಅತ್ ಕಮಿಟಿಗಳು ಇದನ್ನೂ ಕೇಳಲಿ. ಕೋರ್ಟಿಗೆ ಹೋಗಲು ಶಕ್ತಿಯಿಲ್ಲದವರಿಗೆ ಮಸೀದಿಯ ಬಾಗಿಲಾದರೂ ತೆರೆದಿರಬೇಕು.