ಕಾರ್ನ್‌ವಾಲಿಸನ ಎರಡು ಯುದ್ಧಗಳು

ಅಮೇರಿಕೆಯ ಸ್ವಾತಂತ್ರ್ಯದ ಕಥೆಯನ್ನು ಚಹದ ಪೆಟ್ಟಿಗೆಗಳಿಂದ ಮೊದಲು ಮಾಡುವದು ನಮ್ಮ ಶಾಲೆಗಳ ರೂಢಿ. 1773ರ ಡಿಸೆಂಬರದಲ್ಲಿ ಬಾಸ್ಟನ್ನಿನ ಜನರು ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹವನ್ನು ಸಮುದ್ರಪಾಲು ಮಾಡಿದುದು ನಿಜ. ಆದರೆ ಮರುವರ್ಷ ನಡೆದುದೇ ಹೆಚ್ಚು ವಿಚಾರಾರ್ಹವೆಂದು ನನ್ನ ಮತ. ಪಾರ್ಲಿಮೆಂಟು ಬಾಸ್ಟನ್ ಬಂದರವನ್ನು ಮುಚ್ಚಿಸಿ ಆ ಊರನ್ನು ಹಸಿವಿನಿಂದ ಮಣಿಸಲೆಳಸಿತು. ದಂಡನೆ ಒಂದೂರಿಗೆ, ಉಳಿದವರು ತೆಪ್ಪಗಿರುವರೆಂಬುದು ಅದರ ಎಣಿಕೆ. ಎಣಿಕೆ ತಪ್ಪಿತು. ದೂರದ ದಕ್ಷಿಣ ಕೆರೋಲಿನದಿಂದ ಬಾಸ್ಟನ್ನಿಗೆ ಅಕ್ಕಿ ಬಂದಿತು. ಸೆಪ್ಟೆಂಬರದಲ್ಲಿ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯದಲ್ಲಿ ನೆರೆದರು.

ಈ ಒಕ್ಕಟ್ಟು ಹುಟ್ಟಿನೊಡನೆ ಬಂದುದಲ್ಲ. 1754ರಲ್ಲಿ ಫ್ರಾಂಕ್ಲಿನನು ಏಕೀಕರಣದ ಯೋಜನೆಯನ್ನು ಮುಂದಿಟ್ಟು, ತುಂಡುತುಂಡಾದ ಹಾವಿನ ಚಿತ್ರವನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದಾಗ, ಒಂದು ವಸಾಹತಾದರೂ ಅದಕ್ಕೆ ಒಪ್ಪಲಿಲ್ಲ. ಪೆನ್ಸಿಲ್ವೇನಿಯ, ಕನೆಕ್ಟಿಕಟ್‌ಗಳ ಜನರಂತೂ ಗಡಿಗಾಗಿ ಪರಸ್ಪರ ರಕ್ತವನ್ನೇ ಹರಿಸಿದರು. ಅವರನ್ನು ಮೊದಲು ಕೂಡಿಸಿದ ಪುಣ್ಯ 1765ರ ಸ್ಟಾಂಪು ಕಾಯದೆಯದು. ಕೋರ್ಟಿನ ಕಾಗದ, ವರ್ತಮಾನಪತ್ರ, ಕಡೆಗೆ ಇಸ್ಪೀಟಿನ ಎಲೆಗೂ ತೆರಿಗೆ! (ಸ್ಟಾಂಪು ಕಾಗದದಿಂದಲೇ ಹೊಟ್ಟೆ ಹೊರೆಯುವ ನನಗೂ ಅವರ ಸಿಟ್ಟು ಅರ್ಥವಾಗುತ್ತದೆ.) ಒಂಬತ್ತು ವಸಾಹತುಗಳು ನ್ಯೂಯಾರ್ಕದಲ್ಲಿ ಕೂಡಿ ಪ್ರತಿಭಟಿಸಿದವು, ಇಂಗ್ಲಂಡದ ವ್ಯಾಪಾರಿಗಳಿಗೂ ನಷ್ಟ ತಟ್ಟಿತು, ಮರುವರ್ಷ ಕಾಯದೆ ರದ್ದಾಯಿತು. ಕೂಡಿದರೆ ಏನಾಗಬಲ್ಲದೆಂಬುದರ ರುಚಿ ಅವರಿಗೆ ಹತ್ತಿದುದು ಅಂದೇ.

1776ರ ಘೋಷಣೆಯನ್ನು ಎಲ್ಲರೂ ಬಲ್ಲರು. ಅದರ ಸ್ವಾತಂತ್ರ್ಯವು ಅಲ್ಲಿಯ ಗುಲಾಮರಿಗೆ 1865ರ ವರೆಗೆ ಮುಟ್ಟಲಿಲ್ಲವೆಂಬ ಕಲಂಕವನ್ನು ಮಾತ್ರ ಮರೆಯಲಾಗದು. ಫ್ರೆಂಚರ ನೆರವಿಲ್ಲದೆ ಗೆಲವು ದೊರೆಯುತ್ತಿತ್ತೆಂದೂ ಹೇಳಲಾರೆ. 1781ರ ಅಕ್ಟೋಬರ 19ರಂದು ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಶಸ್ತ್ರವನ್ನಿಳುಹಿತು. ತಾನು ಅಸ್ವಸ್ಥನೆಂದು ಹೇಳಿ ಅವನು ಖಡ್ಗವೊಪ್ಪಿಸಲು ಕೈಕೆಳಗಿನವನನ್ನು ಕಳುಹಿಸಿದನು. ಕನ್ನಡಿಗರು ತಿಳಿದಿರಬೇಕಾದ ಸಂಗತಿಯೊಂದುಂಟು: 1782ರಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿನ ಹೆಸರು 'ಹೈದರ್ ಅಲ್ಲಿ'. ನಮ್ಮ ಹೈದರನ ಹೆಸರೇ ಅದು!

ಅದೇ ಕಾರ್ನ್‌ವಾಲಿಸನು 1786ರಲ್ಲಿ ಗವರ್ನರ್ ಜನರಲನಾಗಿ ಹಿಂದುಸ್ಥಾನಕ್ಕೆ ಬಂದನು. ಸೋತ ಸೇನಾನಿ ಇಲ್ಲಿ ಹೇಗೆ ಗೆದ್ದನು? ಅಲ್ಲಿ ಅವನೆದುರಿಗೆ ಹದಿಮೂರು ವಸಾಹತುಗಳು ಒಂದಾಗಿದ್ದವು. ಇಲ್ಲಿ ನಿಜಾಮನೂ ಮರಾಠರೂ ಅವನ ಬೆನ್ನಿಗೆ ನಿಂತರು. ಅವರಿಗೆ ಮೈಸೂರಿನ ಮೇಲೆ ಹಳೆಯ ಹಗೆಯಿದ್ದುದು ಸುಳ್ಳಲ್ಲ. ಆದರೆ ಗಡಿಯ ಹಗೆ ಅಮೇರಿಕೆಯವರಿಗೂ ಇತ್ತಷ್ಟೆ! 1791ರಲ್ಲಿ ಬೆಂಗಳೂರಿನ ಕೋಟೆ ಬಿದ್ದಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟೀಪುವು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ತೆರಬೇಕಾಗಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಮೂವರು ವಿಜಯಿಗಳೂ ನೆಲವನ್ನು ಹಂಚಿಕೊಂಡರು. ಧಾರವಾಡದ ಸೀಮೆ ಮರಾಠರ ಪಾಲಾಯಿತು. ಏಳು ವರ್ಷಗಳ ಮೇಲೆ ಮತ್ತೊಂದು ಹಂಚಿಕೆ, ಕೆನರಾ ಸೀಮೆ ಕಂಪನಿಗೆ. 1818ರ ಹೊತ್ತಿಗೆ, ಪಾಲು ಪಡೆದಿದ್ದ ಪೇಶವೆಯ ರಾಜ್ಯವೂ ಕಂಪನಿಯ ಕೈಸೇರಿತು. ಹೀಗೆಳೆದ ಗಡಿಗೆರೆಗಳನ್ನಳಿಸಿ ಕನ್ನಡ ಸೀಮೆಗಳನ್ನು ಒಂದಾಡಳಿತಕ್ಕೆ ತರಲು 1956ರ ನವೆಂಬರ 1ರ ವರೆಗೆ ಕಾಯಬೇಕಾಯಿತು.