ಹಿರಿಯನ ಹೊಣೆ

ಹಲವರು ಕೂಡಿ ದುಡಿಯುವ ಎಡೆಯಲ್ಲಿ ಅವರನ್ನು ನಡೆಸುವ ಹಿರಿಯನೊಬ್ಬ ಬೇಕು. ಕಚೇರಿಯಾಗಲಿ, ಕಾರ್ಖಾನೆಯಾಗಲಿ, ಶಾಲೆಯಾಗಲಿ, ಕೆಲಸವನ್ನು ಹಂಚಿ, ನೋಡಿಕೊಂಡು, ಮುಗಿಸುವ ಭಾರ ಅವನದು. ಆದರೆ ಕೆಲಸ ಮುಗಿದೊಡನೆ ಅವನ ಹೊಣೆ ತೀರಿತೆ? ಆ ಕೆಲಸ ಮಾಡುತ್ತ ಅವನ ಕೈಕೆಳಗಿನವರು ಬೆಳೆದರೆ, ಕುಗ್ಗಿದರೆ ಎಂಬುದನ್ನೂ ನಾವು ಕೇಳಬೇಕು. ಹಿರಿತನವನ್ನು ಅಳೆಯಲು ಇದಕ್ಕಿಂತ ನೇರವಾದ ಅಳತೆಗೋಲು ಬೇರೊಂದಿಲ್ಲ.

ಗೆಲುವು ಬಂದಾಗ ತಾನು ಮುಂದೆ ನಿಲ್ಲುವುದು, ಸೋಲು ಬಂದಾಗ ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಕಿರಿಯರನ್ನು ಮುಂದೆ ತಳ್ಳುವುದು ಲೋಕದ ವಾಡಿಕೆ. ಇದಕ್ಕೆ ತೀರ ವಿರುದ್ಧವಾದ ನಡತೆಯೊಂದು ನಮ್ಮ ದೇಶದ ಬಾಹ್ಯಾಕಾಶ ಸಂಶೋಧನೆಯ ಇತಿಹಾಸದಲ್ಲಿ ಕಾಣುತ್ತದೆ.

1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಎಸ್‌ಎಲ್‌ವಿ-3 ರಾಕೆಟ್ಟು ಮೊದಲ ಬಾರಿಗೆ ಮೇಲೇರಿತು. ಆ ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಕವಾಟವೊಂದರ ದೋಷದಿಂದ ರಾಕೆಟ್ಟು ದಾರಿತಪ್ಪಿ, ಸುಮಾರು ಐದು ನಿಮಿಷಗಳಲ್ಲಿ ಬಂಗಾಳ ಕೊಲ್ಲಿಗೆ ಬಿದ್ದಿತು. ಹಲವು ವರ್ಷಗಳ ದುಡಿಮೆ ನೀರುಪಾಲಾಯಿತು. ಆಗ ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಸತೀಶ್ ಧವನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ. ಪತ್ರಕರ್ತರ ಎದುರು ಸೋಲಿನ ಹೊಣೆಯನ್ನು ಅವರು ತಾವೇ ಹೊತ್ತರು. ತಮ್ಮ ತಂಡದ ಮೇಲೆ ತಮಗಿದ್ದ ನಂಬಿಕೆಯನ್ನೂ ತಿಳಿಸಿದರು.

1980ರ ಜುಲೈ 18ರಂದು ಅದೇ ತಂಡ ಮತ್ತೆ ಪ್ರಯತ್ನಿಸಿತು. 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹ ಕಕ್ಷೆಯನ್ನು ಸೇರಿತು. ಅಂದು ಧವನರು ಹಿಂದೆ ಸರಿದು, ಪತ್ರಕರ್ತರನ್ನು ಕಾಣುವಂತೆ ಕಲಾಂ ಅವರಿಗೇ ಹೇಳಿದರು. ಕಲಾಂ ಮುಂದೆ ಅನೇಕ ಸಭೆಗಳಲ್ಲಿ ಈ ಪ್ರಸಂಗವನ್ನು ಕೃತಜ್ಞತೆಯಿಂದ ಸ್ಮರಿಸಿದ್ದಾರೆ.

ಹಿರಿಯನೇ ತಪ್ಪನ್ನು ಹೊತ್ತರೆ ಕಿರಿಯರು ಉದಾಸೀನರಾಗರೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಇಲ್ಲಿ ತಪ್ಪನ್ನು ಯಾರೂ ಮುಚ್ಚಿಡಲಿಲ್ಲ. ಸೋಲಿನ ಕಾರಣವನ್ನು ಕೂಲಂಕಷವಾಗಿ ಹುಡುಕಿ, ತಿದ್ದಿಕೊಂಡರು. ಯೋಜನೆಯ ಭಾರವೂ ಕಲಾಂ ಅವರ ಹೆಗಲಿನಿಂದ ಇಳಿಯಲಿಲ್ಲ. ಹೊರಗಿನ ನಿಂದೆಯಿಂದ ಕಾಪಾಡುವುದು ಬೇರೆ, ಒಳಗಿನ ವಿಚಾರಣೆಯಿಂದ ಪಾರುಮಾಡುವುದು ಬೇರೆ. ಮೊದಲನೆಯದು ಧೈರ್ಯವನ್ನು ಕೊಡುತ್ತದೆ. ಎರಡನೆಯದು ಸೋಮಾರಿತನವನ್ನು ಬೆಳೆಸುತ್ತದೆ. ಈ ಭೇದವನ್ನು ಅರಿಯದವನು ಒಂದೋ ಕಟುಕನಾಗುತ್ತಾನೆ, ಇಲ್ಲವೇ ದುರ್ಬಲನಾಗುತ್ತಾನೆ.

ದಂಡನೆಯ ಭಯವೊಂದೇ ಆಳುವ ಕಡೆಯಲ್ಲಿ ಜನ ತಪ್ಪು ಮಾಡುವುದನ್ನು ಬಿಡುವುದಿಲ್ಲ. ತಪ್ಪನ್ನು ಹೇಳುವುದನ್ನು ಬಿಡುತ್ತಾರೆ. ಸಡಿಲವಾದ ತಿರುಪನ್ನು ಕಂಡ ಕೆಲಸಗಾರನು ಬಾಯಿಮುಚ್ಚಿಕೊಂಡರೆ ಯಂತ್ರವೇ ಕೆಡುತ್ತದೆ. ಲೆಕ್ಕದ ತಪ್ಪನ್ನು ಗುಮಾಸ್ತನು ಅಡಗಿಸಿದರೆ ಸಂಸ್ಥೆಯೇ ನಷ್ಟಕ್ಕೀಡಾಗುತ್ತದೆ. ಆದುದರಿಂದ ಕಿರಿಯರಿಗೆ ನಿರ್ಭಯವಾಗಿ ಮಾತನಾಡುವ ಅವಕಾಶ ಕೊಡುವುದು ಬರಿಯ ದಯೆಯಲ್ಲ, ಕಾರ್ಯಸಾಧನೆಯ ಮಾರ್ಗವೂ ಹೌದು.

ಧವನರು ಅಂದು ಮಾಡಿದ್ದಕ್ಕೆ ಹಣ ಬೇಕಿರಲಿಲ್ಲ, ವಿಶೇಷ ಅಧಿಕಾರ ಬೇಕಿರಲಿಲ್ಲ. ಸೋಲಿನ ದಿನ ಎರಡು ಹೆಜ್ಜೆ ಮುಂದೆ, ಗೆಲುವಿನ ದಿನ ಎರಡು ಹೆಜ್ಜೆ ಹಿಂದೆ, ಅಷ್ಟೆ. ತರಗತಿಯ ನಾಯಕನಿಂದ ಹಿಡಿದು ದೊಡ್ಡ ಸಂಸ್ಥೆಯ ಮುಖ್ಯಸ್ಥನವರೆಗೆ ಯಾರು ಬೇಕಾದರೂ ಇಡಬಹುದಾದ ಹೆಜ್ಜೆಗಳಿವು. ಇಡುವವರು ಮಾತ್ರ ವಿರಳ.